ಎಡಬದಿಯ ಉರಿ

ಅವರು ವೈನ್ ಕುಡಿದದ್ದನ್ನು ನಾನು ನೋಡಿಲ್ಲ. ಉಗುಳಿದ್ದನ್ನು ನೋಡಿದ್ದೇನೆ. ಐದಾರು ವರ್ಷ, ವಾರಕ್ಕೆ ಎರಡು ಸಲವಾದರೂ, ಠಾಣೆಯ ವರ್ತಕ ನಗರದ ಒಂದು ಬಾರ್ ಅಂಡ್ ರೆಸ್ಟೋರೆಂಟಿನ ಮಹಡಿಯ ಮೇಲೆ, ಮಧ್ಯಾಹ್ನ ನಾಲ್ಕು ಗಂಟೆಗೆ. ಗ್ಲಾಸಿಗೆ ಎರಡು ಬೆರಳಿನಷ್ಟು ಸುರಿದುಕೊಂಡು, ಮೂಗನ್ನು ಅದರೊಳಗೆ ಇಳಿಸಿ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಒಂದು ಗುಟುಕು ಬಾಯಿಗೆ ತೆಗೆದುಕೊಂಡು ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸಿ, ಪಕ್ಕದ ಐಸ್ ಬಕೆಟ್ಟಿಗೆ ಸದ್ದಿಲ್ಲದೆ ಉಗುಳುತ್ತಿದ್ದರು. ಉಗುಳುವುದರಲ್ಲೂ ಒಂದು ಮರ್ಯಾದೆ ಇರುತ್ತದೆ ಎಂದು ನನಗೆ ಗೊತ್ತಾದದ್ದು ಅವರನ್ನು ನೋಡಿ.

"ನುಂಗಿದ್ರ ಏನಾಗ್ತದ್ರಿ?" ಎಂದು ಒಮ್ಮೆ ಕೇಳಿದೆ.

"ಎಂತದೂ ಆಗುದಿಲ್ಲ ಸರ್. ಆದ್ರೆ ಸಂಜೆ ಏಳಕ್ಕೆ ಗಿರಾಕಿ ಬರ್ತಾರಲ್ಲ, ಅವರ ಎದುರು ನನ್ನ ಬಾಯಿ ವಾಸನೆ ಬರಬಾರದು. ಬಾರಿನವನೇ ಕುಡಿದ್ರೆ ಅದು ಬಾರಲ್ಲ, ಗಡಂಗು."

ಹೋಟೆಲಿನಲ್ಲಿ ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಬಾರುಗಳಲ್ಲಿ ವೇಟರುಗಳ ಮೇಲೆ ಇರುವವನಿಗೆ ಆ ಹೆಸರು. ನಿಜ ಹೆಸರು ಬರೆದರೆ ಅವರ ಮನೆಯವರಿಗೆ ಸರಿ ಬರಲಿಕ್ಕಿಲ್ಲ, ಆದ್ದರಿಂದ ನಾನೂ ಕ್ಯಾಪ್ಟನ್ ಎಂದೇ ಬರೆಯುತ್ತೇನೆ. ಉಡುಪಿ ಕಡೆಯವರು. ಐವತ್ತರ ಹತ್ತಿರದ ವಯಸ್ಸು, ಸಣ್ಣ ದೇಹ, ಎಣ್ಣೆ ಹಾಕಿ ಒತ್ತಿ ಬಾಚಿದ ಕೂದಲು, ಕಪ್ಪು ಪ್ಯಾಂಟು, ಇಸ್ತ್ರಿ ಮುರಿಯದ ಬಿಳಿ ಶರ್ಟು. ಮನೆ ಕಲ್ಯಾಣ ದಾಟಿ ವಿಠ್ಠಲವಾಡಿಯಲ್ಲಿ, ಒಂದು ಕೋಣೆ ಮತ್ತು ಒಂದು ಅಡುಗೆಮನೆ. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ತುಳು ಮಾತಾಡುತ್ತಿದ್ದರು. ಕನ್ನಡ ಏಳನೆಯ ಇಯತ್ತೆಯವರೆಗೆ ಓದಿದ್ದರು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ.

ನಾನು ವಿಜಾಪುರದವ. ಅದೇ ರಸ್ತೆಯ ಇನ್ಶೂರೆನ್ಸ್ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವ. ಮನೆ ಡೊಂಬಿವಲಿಯಲ್ಲಿ. ನನ್ನದೊಂದು ಗುಣ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನನಗೆ ಯಾರಿಗೂ ಇಲ್ಲ ಎನ್ನಲು ಬರುವುದಿಲ್ಲ. ಸಾಹೇಬರು ಹಗಲನ್ನು ರಾತ್ರಿ ಅಂದರೆ ಲೈಟು ಹಚ್ಚಲು ಏಳುವವ ನಾನು. "ಹೊರಗ ಎಲ್ಲಾರಿಗೂ ಹೌದಪ್ಪ, ಮನ್ಯಾಗ ನನ್ನ ಮ್ಯಾಲಷ್ಟ ಹುಲಿ" ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆಕೆಯ ಮಾತಿಗೆ ನಾನು ಸಿಟ್ಟಾಗುತ್ತಿದ್ದೆ. ಈಗ ಆಗುವುದಿಲ್ಲ.

ಅವರ ಪರಿಚಯ ಆದದ್ದೂ ಈ ಗುಣದಿಂದಲೇ. ನಮ್ಮ ಆಫೀಸಿನ ಒಬ್ಬ ಸಾಹೇಬರ ಬೀಳ್ಕೊಡುಗೆಗೆಂದು ಹದಿನೈದು ಜನ ಅಲ್ಲಿಗೆ ಹೋಗಿದ್ದೆವು. ಎರಡು ಸಾವಿರದ ಐದೋ ಆರೋ ಇರಬೇಕು. ನಾಶಿಕದ ಕಡೆಯ ಅಗ್ಗದ ವೈನುಗಳು ಆಗಷ್ಟೇ ಎಲ್ಲ ಕಡೆ ಕಾಣಿಸತೊಡಗಿದ್ದವು. ಹೆಂಗಸರೂ ಇದ್ದ ಪಾರ್ಟಿ, ವ್ಹಿಸ್ಕಿ ಬೇಡವೆಂದು ಯಾರೋ ಕೆಂಪು ವೈನ್ ತರಿಸಿದರು. ಒಂದು ಗುಟುಕು ಕುಡಿದು ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಕಹಿಯೋ ಹುಳಿಯೋ ತಿಳಿಯದು. ಪಕ್ಕದವರು ಅದಕ್ಕೆ ಸೋಡಾ ಸುರಿದರು. ಅವರನ್ನು ನೋಡಿ ನಾನೂ ಸುರಿದೆ, ಎರಡು ಐಸ್ ತುಂಡು ಹಾಕಿದೆ, ಅದೂ ಸಾಲದೆ ಒಂದು ಚಿಟಿಕೆ ಉಪ್ಪು. ಕ್ಯಾಪ್ಟನ್ ಹಿಂದಿನಿಂದ ಬಂದು ನನ್ನ ಗ್ಲಾಸನ್ನು ಮೆಲ್ಲಗೆ ಎತ್ತಿಕೊಂಡರು. ಗಾಬರಿಯಲ್ಲಿ ನನ್ನ ಬಾಯಿಂದ ಕನ್ನಡವೇ ಬಂತು: "ಯಾಕ್ರೀ?"

ಅವರ ಮುಖ ಅರಳಿತು. "ಕನ್ನಡವಾ? ಊರು ಯಾವುದು ಸರ್?"

"ವಿಜಾಪುರ್ರಿ."

"ಹೋ. ಹಾಗಾದ್ರೆ ಉಪ್ಪು ಹಾಕಿದ್ದು ನಿಮ್ಮ ತಪ್ಪಲ್ಲ, ಮಜ್ಜಿಗೆ ಅಂತ ಗ್ರಹಿಸಿದ್ದು ನೀವು. ನಾಳೆ ನಾಲ್ಕಕ್ಕೆ ಬನ್ನಿ. ಆಗ ಯಾರೂ ಇರುದಿಲ್ಲ. ಇದನ್ನು ಹೇಗೆ ಅಂತ ನಾನು ತೋರಿಸ್ತೇನೆ."

ನನಗೇನೂ ಬೇಕಾಗಿರಲಿಲ್ಲ. ಆದರೆ ಇಲ್ಲ ಎನ್ನಲು ಬರಬೇಕಲ್ಲ! ಹೋದೆ. ಮಧ್ಯಾಹ್ನದ ಗಿರಾಕಿ ಮುಗಿದು, ಫ್ಯಾನಿನ ಕೆಳಗೆ ಕುರ್ಚಿ ಜೋಡಿಸಿಕೊಂಡು ವೇಟರುಗಳು ಮಲಗಿದ್ದರು. ಮಹಡಿಯ ಮೇಲಿನ ಫ್ಯಾಮಿಲಿ ರೂಮಿನಲ್ಲಿ ಇವರೊಬ್ಬರೇ ಬಿಳಿ ಬಟ್ಟೆ ಹಾಸಿ ಮೂರು ಗ್ಲಾಸು ಇಟ್ಟುಕೊಂಡು ಕಾದಿದ್ದರು. ಅಂದಿನಿಂದ ನಮ್ಮ ಆಫೀಸಿನಲ್ಲಿ ನನ್ನ ನಾಲ್ಕರ ಚಹಾ ಒಂದು ಗಂಟೆಯದಾಯಿತು.

ವೈನಿನ ರುಚಿ ಅವರಿಗೆ ಹತ್ತಿದ ಕಥೆಯನ್ನು ಅವರೇ ಹೇಳುತ್ತಿದ್ದರು. ವೈನ್ ಕಂಪನಿಯ ಮೇಡಂ ಒಬ್ಬರು ಬಂದು ವೇಟರುಗಳಿಗೆಲ್ಲ ಒಂದು ಗಂಟೆ ಪಾಠ ಮಾಡಿದರಂತೆ. ಉಳಿದವರು ಆಕಳಿಸಿದರು. ಇವರಿಗೆ ಗ್ಲಾಸಿನಿಂದ ನೇರಳೆ ಹಣ್ಣಿನ ವಾಸನೆ ಬಂತು. ಅದರ ಹಿಂದೆ ಹೊಸ ಗೋಣಿಚೀಲ, ಅದರ ಹಿಂದೆ ಕಾಳುಮೆಣಸು. "ಮೇಡಂ, ಇದರಲ್ಲಿ ಮೆಣಸು ಹಾಕಿದ್ದಾರಾ?" ಎಂದು ಹಿಂದಿಯಲ್ಲಿ ಕೇಳಿದರು. ಆಕೆ ಇವರನ್ನೇ ನೋಡಿ, "ಹಾಕಿಲ್ಲ. ಆದರೆ ಬರಬೇಕು. ಎಷ್ಟೋ ಜನಕ್ಕೆ ಬರುವುದಿಲ್ಲ" ಎಂದಳಂತೆ. ಹಾಗೆಯೇ, ಬಾಯಲ್ಲಿ ತಂಬಾಕು ಇಟ್ಟುಕೊಂಡರೆ ಈ ನಾಲಿಗೆ ಹಾಳು ಎಂದೂ ಹೇಳಿದಳಂತೆ. ಹದಿನಾರನೆಯ ವಯಸ್ಸಿನಿಂದ ಅವರ ಎಡ ಕೆನ್ನೆಯಲ್ಲಿ ಎಲೆಯಡಿಕೆ ಹೊಗೆಸೊಪ್ಪಿನ ಉಂಡೆ ಇಲ್ಲದ ದಿನವಿರಲಿಲ್ಲ. ಅದನ್ನು ಅವತ್ತೇ ಬಿಟ್ಟರು. ಅವರ ಹೆಂಡತಿ ಮುಂದೆ ನನ್ನ ಹತ್ತಿರ ಹೇಳಿದ್ದುಂಟು: "ಇಪ್ಪತ್ತು ವರ್ಷ ನಾನು ಹೇಳಿ ಹೇಳಿ ಸುಸ್ತಾದೆ ಸರ್. ಹರಕೆ ಹೊತ್ತೆ. ಕಡೆಗೆ ಬಿಡಿಸಿದ್ದು ಆ ಹೆಂಡ."

ಅವರಿಗೊಂದು ಹಟವಿತ್ತು. ಐನೂರು ರೂಪಾಯಿ ಮೇಲಿನ ಬಾಟಲಿಯನ್ನು ಮುಟ್ಟುತ್ತಿರಲಿಲ್ಲ. "ದುಬಾರಿ ಬಾಟ್ಲಿಯನ್ನು ಹೊಗಳ್ಲಿಕ್ಕೆ ನಾಲಿಗೆ ಬೇಡ ಸರ್, ಬಿಲ್ ನೋಡಿದ್ರೆ ಸಾಕು. ಅಗ್ಗದ್ದರಲ್ಲಿ ಒಳ್ಳೇದು ಹುಡುಕುದು ಕೆಲಸ." ಇಂಗ್ಲಿಷಿನ ವೈನ್ ಮಾತುಗಳಿಗೆಲ್ಲ ಅವರ ಬಳಿ ಮನೆಯ ಮಾತಿತ್ತು. ಡ್ರೈ ಎಂದರೆ ಸಿಹಿ ಬಿಟ್ಟದ್ದು. ಟ್ಯಾನಿನ್ ಎಂದರೆ ಒಗರು. "ಗೇರುಹಣ್ಣು ತಿಂದ್ರೆ ಬಾಯಿ ಬಿಗಿ ಹಿಡೀತದಲ್ಲ, ಅದು." ನಾನು ಬಯಲುಸೀಮೆಯವ, ಗೇರುಹಣ್ಣನ್ನು ಜನ್ಮದಲ್ಲಿ ತಿಂದವನಲ್ಲ. ಆದರೂ ಗೋಣು ಹಾಕಿದೆ.

ಊಟದ ಜೊತೆ ವೈನ್ ಕೂರಿಸುವುದೇ ಅವರ ನಿಜವಾದ ಹುಚ್ಚು. ಜನ ಮಂಚೂರಿ, ಪನೀರ್ ಚಿಲ್ಲಿಗೆ ಕೆಂಪು ವೈನ್ ಕೇಳುವುದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಒಗರು ಹೆಚ್ಚಿರುವ ಕೆಂಪಿನ ಮೇಲೆ ಖಾರ ಬಿದ್ದರೆ ಖಾರ ಹೊತ್ತಿಕೊಳ್ಳುತ್ತದೆ, ನಾಲಿಗೆ ಉರಿಯುತ್ತದೆ, ಇದು ಅವರು ಕಲಿಸಿದ ಮೊದಲ ಪಾಠ. ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಗೆ ಕೆಂಪು ಬೇಡವೇ ಬೇಡ, ಸ್ವಲ್ಪ ಸಿಹಿ ಉಳಿದ ಬಿಳಿ, ಅದೂ ಚೆನ್ನಾಗಿ ತಣ್ಣಗಿರಬೇಕು. ಹುರಿದ ಕಾಣೆ ಮೀನಿಗೆ ಹುಳಿ ಬಿಳಿ, ಮೇಲೆ ನಿಂಬೆ ಹಿಂಡಬಾರದು. ಕೋಳಿ ಸುಕ್ಕಕ್ಕೆ ಮೆಣಸಿನ ವಾಸನೆಯ ಕೆಂಪು ಶಿರಾಜ್, ಆದರೆ ಅಡುಗೆಯವ ತೆಂಗಿನಕಾಯಿಗೆ ಜಿಪುಣತನ ಮಾಡಬಾರದು. ಇದನ್ನೆಲ್ಲ ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಒಂದೊಂದು ಸಾರಿಗೂ ಒಂದೊಂದು ಬಾಟಲಿ ಎದುರಿಟ್ಟು, ತಿಂದು, ಉಗುಳಿ, ಬಾಯಿ ತೊಳೆದು, ಮತ್ತೆ ತಿಂದು ಕಲಿತದ್ದು.

ಒಂದು ದಿನ ನನ್ನ ಡಬ್ಬಿಯಲ್ಲಿ ಉಳಿದಿದ್ದ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ ಕೇಳಿ ತಿಂದರು. ತಿಂದವರು ಎದ್ದು ಹೋಗಿ ಮೂರು ಬಾಟಲಿ ತಂದರು. ಒಂದು ತುಂಡು ರೊಟ್ಟಿ, ಒಂದು ಗುಟುಕು. ಅರ್ಧ ಗಂಟೆ ಇದೇ ನಡೆಯಿತು. ಕಡೆಗೆ ಒಂದು ತೆಳು ಕೆಂಪನ್ನು ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು ತಂದು, "ಇದು! ನಿಮ್ಮ ಎಳ್ಳು ಶೇಂಗಾಕ್ಕೆ ಇದೇ ಬೇಕಿತ್ತು. ನಿಮ್ಮ ಮನೆಯವರಿಗೆ ಹೇಳಿ, ಅವರ ಕೈ ಬಂಗಾರ ಅಂತ" ಎಂದರು. ಹಬ್ಬದ ದಿನದ ಮುಖ ಅವರದು.

ಆಮೇಲೆ ನನ್ನನ್ನೂ ಪರೀಕ್ಷೆಗೆ ಕೂರಿಸುತ್ತಿದ್ದರು. "ನೇರಳೆ ಬಂತಾ ಸರ್?"

"ಬಂತ್ರಿ."

"ಹಿಂದಿಂದ ಪುನರ್ಪುಳಿ?"

"ಅದೂ ಬಂತ್ರಿ."

ಪುನರ್ಪುಳಿ ಎಂದರೆ ಹಣ್ಣೋ ಕಾಯೋ ಎಂಬುದೂ ನನಗೆ ಆಗ ಗೊತ್ತಿರಲಿಲ್ಲ. ಖರೆ ಹೇಳಬೇಕೆಂದರೆ ನನಗೆ ಬರುತ್ತಿದ್ದದ್ದು ಮೊದಲು ಹುಳಿ, ಆಮೇಲೆ ಕಹಿ, ಆಮೇಲೆ ತಲೆನೋವು. ಆದರೆ ಅವರು ಅಷ್ಟು ಆಸೆಯಿಂದ ಮುಖ ನೋಡುತ್ತಿರುವಾಗ ಇಲ್ಲ ಎನ್ನುವುದು ಹೇಗೆ? ಮೀನಿನ ಅಡುಗೆ ಮಾಡುತ್ತಿದ್ದ ಕುಂದಾಪುರದ ಮಂಜಣ್ಣನನ್ನೂ ಒಮ್ಮೊಮ್ಮೆ ಕರೆಯುತ್ತಿದ್ದರು. ಅವನಿಗೆ ಈ ದಾಕ್ಷಿಣ್ಯ ಇರಲಿಲ್ಲ. ಒರಸು ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಬಂದು, ಬಾಯಿ ಚಪ್ಪರಿಸಿ, "ಎಂತ ನೇರಳೂ ಇಲ್ಲ ಮಾರಾಯ್ರೆ, ಬರೀ ಹುಳಿ" ಎಂದು ಹೋಗಿಬಿಡುತ್ತಿದ್ದ. ಕ್ಯಾಪ್ಟನ್ ನಗುತ್ತಿದ್ದರು. ನಕ್ಕರೂ ಮತ್ತೊಮ್ಮೆ ಗ್ಲಾಸಿಗೆ ಮೂಗಿಟ್ಟು, ಎಷ್ಟೋ ಸಲ "ಅವ ಹೇಳಿದ್ದು ಸಮ" ಎಂದು ಒಪ್ಪುತ್ತಿದ್ದರು.

ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಒಂದೇ ಸಲ. ಹೋಟೆಲಿನ ಧಣಿಗಳು ಒಳ್ಳೆಯವರೇ. ಆದರೆ ಉಡುಪಿ ಹೋಟೆಲಿನಲ್ಲೇ ಹುಟ್ಟಿ ಬೆಳೆದವರು, ಉಳಿದದ್ದನ್ನು ಚೆಲ್ಲಲು ಜೀವ ಒಪ್ಪುತ್ತಿರಲಿಲ್ಲ. ಇವರು ನಾಲ್ಕು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಧಣಿಗಳು ಅರ್ಧರ್ಧ ಉಳಿದ ಎಂಟು ಬಾಟಲಿಗಳನ್ನು ಒಟ್ಟು ಮಾಡಿಸಿ, ಕೆಂಪಿಗೆ ಕೆಂಪು, ಬಿಳಿಗೆ ಬಿಳಿ, ಸಾಂಬಾರು ಸೇರಿಸಿದ ಹಾಗೆ ಬಾಯಿ ತನಕ ತುಂಬಿಸಿ ಇಟ್ಟಿದ್ದರು. "ಜಾಗ ಎಷ್ಟು ಉಳೀತು ನೋಡು" ಎಂದು ಹೆಮ್ಮೆ ಬೇರೆ. ಕ್ಯಾಪ್ಟನ್ ಮೆಟ್ಟಿಲ ಮೇಲೆ ಕುಸಿದು ಕೂತರು. "ಇದನ್ನು ಯಾರಿಗೆ ಬಡಿಸುದು ಧಣಿ? ಯಾವ ಮುಖದಲ್ಲಿ ಬಡಿಸುದು?" ಎಂದು ಕೂಗಿದರು. ಧಣಿಗಳು ಪಾಪ, ಅರ್ಥವಾಗದೆ ತಲೆ ತುರಿಸಿಕೊಂಡರು. ಎಲ್ಲವೂ ಮಂಜಣ್ಣನ ಮೀನಿನ ಮಸಾಲೆಗೆ ಹೋಯಿತು.

ಆ ಧಣಿಗಳೇ ಮುಂದೆ ಅವರಿಗೆ ಒಂದು ಆಸೆ ಹುಟ್ಟಿಸಿದರು. ನವಿ ಮುಂಬಯಿಯ ಸೀವುಡ್ಸಿನಲ್ಲಿ ಹೊಸ ಜಾಗ ಹಿಡಿದಿದ್ದರು. ಕುಡುಕರ ಪರ್ಮಿಟ್ ರೂಮ್ ಇಲ್ಲ, ಬರೀ ಫ್ಯಾಮಿಲಿ ರೆಸ್ಟೋರೆಂಟು. "ಮ್ಯಾನೇಜರ್ ನೀನೇ. ನಮ್ಮ ಊರಿನ ಊಟ, ನಿನ್ನ ವೈನು. ಲಿಸ್ಟು ನೀನೇ ಮಾಡು" ಎಂದರಂತೆ. ಒಂದು ಶನಿವಾರ ಕ್ಯಾಪ್ಟನ್ ನನ್ನನ್ನೂ ಎಳೆದುಕೊಂಡು ಹೋದರು. ಠಾಣೆಯಿಂದ ನೆರೂಳ್, ಅಲ್ಲಿ ಗಾಡಿ ಬದಲಿಸಿ ಸೀವುಡ್ಸ್. ಸ್ಟೇಷನ್ ಸುತ್ತ ಕ್ರೇನುಗಳು. ಜಾಗದಲ್ಲಿ ಇನ್ನೂ ಗಿಲಾವು ಆಗಿರಲಿಲ್ಲ, ಕಲಬುರಗಿ ಕಡೆಯ ಗೌಂಡಿಗಳು ಸಿಮೆಂಟು ಕಲಸುತ್ತಿದ್ದರು. ಇವರು ಧೂಳಿನಲ್ಲಿ ಬೂಟುಗಾಲಿನಿಂದ ಗೆರೆ ಎಳೆದು, "ಇಲ್ಲಿ ಒಂದನೇ ನಂಬರ್ ಟೇಬಲ್ ಸರ್. ಮೊದಲ ದಿನ ಇವಳು ಇಲ್ಲಿ ಕೂರ್ತಾಳೆ" ಎಂದರು.

ಇವಳು ಎಂದರೆ ಅವರ ಹೆಂಡತಿ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಆಕೆ ಗಂಡ ಕೆಲಸ ಮಾಡುವ ಜಾಗಕ್ಕೆ ಕಾಲಿಟ್ಟಿರಲಿಲ್ಲ. ನೆಂಟರು ಕೇಳಿದರೆ "ಹೋಟೆಲು" ಎನ್ನುತ್ತಿದ್ದರಂತೆ, ಬಾರು ಎಂಬ ಶಬ್ದ ಬಾಯಿಗೆ ಬರುತ್ತಿರಲಿಲ್ಲ. ಗಂಡನ ಶರ್ಟನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದರು. ಇವರು ಅದಕ್ಕೆ ಒಂದು ದಿನವೂ ಬೇಜಾರು ಹೇಳಿಕೊಂಡವರಲ್ಲ. ಅಂದು ಮಾತ್ರ ಹೇಳಿದರು. "ನೀರ್ ದೋಸೆ, ಕೋಳಿ ಗಸಿ, ಪಕ್ಕದಲ್ಲಿ ಅರ್ಧ ಗ್ಲಾಸ್ ಬಿಳಿ ಇಡ್ತೇನೆ. ಅವಳು ಕುಡಿಯುದಿಲ್ಲ, ಗೊತ್ತುಂಟು. ಒಮ್ಮೆ ಮೂಸಿ ನೋಡಿದ್ರೆ ಸಾಕು ನಂಗೆ. ನಾನು ಇಷ್ಟು ವರ್ಷ ಎಂತ ಮಾಡ್ತಿದ್ದೆ ಅಂತ ಗೊತ್ತಾದ್ರೆ ಸಾಕು."

ಇದು ಎರಡು ಸಾವಿರದ ಹತ್ತರ ಆಸುಪಾಸು. ಆ ವರ್ಷ ಗಣಪತಿ ಹಬ್ಬ ಕಳೆದ ಮೇಲೆ ಉರಿ ಶುರುವಾಯಿತು.

ಮೊದಲು ಒಂದು ಕೆಂಪು ವೈನಿನ ಮೇಲೆ ದೂರು. "ಈ ಸಲದ ಮಾಲು ಸರಿ ಇಲ್ಲ, ಉರೀತದೆ" ಎಂದು ಎರಡು ಪೆಟ್ಟಿಗೆ ವಾಪಸು ಕಳಿಸಿದರು. ಹದಿನೈದು ದಿನಕ್ಕೆ ಇನ್ನೊಂದು ಕೆಂಪು. ಆಮೇಲೆ ಬಿಳಿಯೂ. ಲಾರಿ ಬಿಸಿಲಲ್ಲಿ ನಿಂತಿರಬೇಕು ಎಂದರು, ದ್ರಾಕ್ಷಿಗೆ ಹೊಸ ಮದ್ದು ಹೊಡೆದಿರಬೇಕು ಎಂದರು. ಮಂಜಣ್ಣ ಮೆಣಸು ಜಾಸ್ತಿ ಹಾಕುತ್ತಾನೆ ಎಂದು ಅವನ ಜೊತೆ ಜಗಳವಾಯಿತು. ಸೀವುಡ್ಸಿನ ಲಿಸ್ಟಿನಲ್ಲಿ ಬರೆದದ್ದನ್ನೆಲ್ಲ ಹೊಡೆದು ಹಾಕಿ ಹೊಸದು ಬರೆಯುತ್ತಿದ್ದರು.

ಒಂದು ಮಧ್ಯಾಹ್ನ ಮೂರು ಗ್ಲಾಸು ಇಟ್ಟುಕೊಂಡು ನನ್ನನ್ನು ಕಾದಿದ್ದರು. ಮಂಜಣ್ಣನನ್ನು ಕರೆದಿರಲಿಲ್ಲ.

"ಸರ್, ಸರಿಯಾಗಿ ನೋಡಿ ಹೇಳಿ. ಇದು ಉರೀತದಾ?"

ನಾನು ಬಾಯಿಗೆ ಹಾಕಿ ಹೊರಳಿಸಿದೆ. ಎಂದಿನ ಹುಳಿ, ಎಂದಿನ ಕಹಿ. ಉರಿಯೂ ಇಲ್ಲ, ಗಿರಿಯೂ ಇಲ್ಲ. ಅವರ ಮುಖ ನೋಡಿದೆ. "ಹೌದ್ರಿ, ಉರೀತದ. ನಾಲಿಗಿ ತುದಿಗೆ."

"ತುದಿಗಲ್ಲ. ಬದಿಗೆ. ಎಡಬದಿಗೆ."

"ಹೌದ್ರಿ. ಎಡಬದಿಗೇ."

ಅವರು ಉಸಿರು ಬಿಟ್ಟರು. ಎಷ್ಟೋ ದಿನದಿಂದ ಹಿಡಿದಿದ್ದ ಉಸಿರು ಅದು. "ನೋಡಿ! ನಂಗೆ ಮಾತ್ರ ಅಲ್ಲ" ಎಂದು ಅವತ್ತು ನನಗೆ ತಾವೇ ಚಹಾ ತಂದುಕೊಟ್ಟರು. ಮಂಜಣ್ಣನನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದೆ. "ಅವನಿಗೆ ಎಂತ ತಿಳೀತದೆ? ನಿಮ್ಮ ನಾಲಿಗೆ ಈಗ ಪಳಗಿದೆ" ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಥೂ, ನನ್ನ ಜನ್ಮಕ್ಕಿಷ್ಟು!

ಇನ್ನೊಂದು ಅವಕಾಶವೂ ಬಂದಿತ್ತು. ಇಷ್ಟೊಂದು ಪೆಟ್ಟಿಗೆ ವಾಪಸು ಬಂದದ್ದನ್ನು ನೋಡಿ ಕಂಪನಿಯ ಆ ಮೇಡಂ ತಾನೇ ಬಂದಳು. ಎಲ್ಲ ಬಾಟಲಿ ತೆಗೆಸಿ ನೋಡಿ, "ಏನೂ ದೋಷವಿಲ್ಲ" ಎಂದಳು. ಕ್ಯಾಪ್ಟನ್ ನನ್ನ ಕಡೆ ಕೈ ತೋರಿಸಿ, "ನಂದು ಬಿಡಿ, ಇವರನ್ನು ಕೇಳಿ. ಇವರಿಗೂ ಹಾಗೇ ಆಗ್ತದೆ" ಎಂದರು. ಆಕೆ ನನ್ನನ್ನು ನೋಡಿದಳು. ಅವರೂ ನೋಡಿದರು. ಒಂದೇ ಒಂದು ಸಲ ನಾಲಿಗೆ ಹೊರಳಿ "ಇಲ್ಲ, ನನಗೆ ಉರಿದಿಲ್ಲ" ಎಂದಿದ್ದರೆ ಸಾಕಿತ್ತು. ನಾನು ಗೋಣು ಹಾಕಿದೆ. ಆಕೆ ಭುಜ ಕುಣಿಸಿ ಹೋದಳು.

ಆಮೇಲಿನ ತಿಂಗಳುಗಳಲ್ಲಿ ಅವರು ಸೊರಗಿದರು. ಮಾತು ಸ್ವಲ್ಪ ದಪ್ಪವಾಯಿತು. ಹಲ್ಲು ನೋವು ಎಂದರು. ನಾನು ಲವಂಗದ ಎಣ್ಣೆ ತಂದುಕೊಟ್ಟೆ. ಸೀವುಡ್ಸಿನ ಕೆಲಸ ಮುಗಿಯುತ್ತ ಬಂದಿತ್ತು, ಅದಕ್ಕಾಗಿ ಓಡಾಡಿ ಸೊರಗಿದ್ದಾರೆ ಎಂದುಕೊಂಡೆ.

ಯುಗಾದಿಯ ಮುಂಚಿನ ವಾರ ಅವರ ಹೆಂಡತಿ ನನ್ನ ಆಫೀಸಿಗೆ ಬಂದರು. ವಿಠ್ಠಲವಾಡಿಯಿಂದ ಒಬ್ಬರೇ ಲೋಕಲ್ ಹಿಡಿದು, ಕೇಳಿಕೊಂಡು ಕೇಳಿಕೊಂಡು ಬಂದಿದ್ದರು. ಹತ್ತಿಯ ಸೀರೆ, ಕೈಯಲ್ಲಿ ಮಡಿಸಿದ ಕೊಡೆ. ನಾನು ಅವರನ್ನು ನೋಡಿದ್ದು ಅದೇ ಮೊದಲು.

"ನೀವಲ್ವಾ ವಿಜಾಪುರದ ಸರ್? ಇವರು ಯಾವಾಗ್ಲೂ ನಿಮ್ಮ ಸುದ್ದಿ ಹೇಳ್ತಾರೆ. ಗಂಜಿ ಸಹ ನುಂಗ್ಲಿಕ್ಕೆ ಆಗುದಿಲ್ಲ ಸರ್ ಅವರಿಗೆ. ಬೆಳಿಗ್ಗೆ ದಿಂಬಿನ ಮೇಲೆ ರಕ್ತ. ಡಾಕ್ಟ್ರ ಹತ್ರ ಹೋಗುವ ಅಂದ್ರೆ ಕೇಳುದಿಲ್ಲ. ಇದು ವೈನಿಂದ ಆದದ್ದು, ತನ್ನಿಂದ ತಾನೇ ಹೋಗ್ತದೆ, ಸರ್‌ಗೂ ಎಡಬದಿಯಲ್ಲಿ ಹೀಗೇ ಉರೀತದೆ ಅಂತಾರೆ." ಆಕೆ ನನ್ನ ಬಾಯಿಯನ್ನೇ ನೋಡಿದರು. "ನಿಮ್ಮದು ಈಗ ಹೇಗುಂಟು ಸರ್? ಗುಣ ಆಯ್ತಾ?"

ಆಗಲಾದರೂ ಹೇಳಬೇಕಿತ್ತು. "ಈಗ ಅಡ್ಡಿಯಿಲ್ರಿ ಅಕ್ಕಾರ" ಎಂದೆ.

ಮರುದಿನ ಕ್ಯಾಪ್ಟನ್‌ರನ್ನು ಬೈದು, ಬೇಡಿ, ನವಿ ಮುಂಬಯಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಟಾರ್ಚು ಹಾಕಿ ನೋಡಿದರು. ನಾಲಿಗೆಯ ಎಡ ಅಂಚಿನಲ್ಲಿ, ಹಿಂದಕ್ಕೆ, ಮಡಚಿದ ಹಾಗೆ ಒಂದು ಹುಣ್ಣು. ಎಷ್ಟು ದಿನದಿಂದ ಎಂದರು. ಏಳು ತಿಂಗಳು ಎಂದರು ಕ್ಯಾಪ್ಟನ್. ಡಾಕ್ಟರು ಟಾರ್ಚು ಆರಿಸಿದರು.

"ದಾರೂ ಪೀತೇ ಹೋ?"

"ನಹೀ ಸಾಬ್. ಥೂಕ್ತಾ ಹೂಂ." ಕುಡಿಯುವುದಿಲ್ಲ, ಉಗುಳುತ್ತೇನೆ ಎಂದರು.

ಡಾಕ್ಟರಿಗೆ ಅದು ತಮಾಷೆ ಅನಿಸಿರಬೇಕು, ಮುಖ ಗಂಟಿಕ್ಕಿದರು. ತಂಬಾಕು ಕೇಳಿದರು. ಬಿಟ್ಟು ಆರು ವರ್ಷವಾಯಿತು ಎಂದಾಗ, "ಇಪ್ಪತ್ತೈದು ಮೂವತ್ತು ವರ್ಷ ಹಾಕಿದ್ದೀರಲ್ಲ" ಎಂದರು. ಆಮೇಲೆ ನನ್ನನ್ನು ಹೊರಗೆ ಕರೆದು, ಮೊದಲ ತಿಂಗಳಲ್ಲಿ ಬಂದಿದ್ದರೆ ಚೂರು ತೆಗೆದು ಕಳಿಸುತ್ತಿದ್ದೆವು, ಈಗ ಕುತ್ತಿಗೆಗೆ ಇಳಿದಿದೆ ಎಂದರು. ಇಷ್ಟು ದಿನ ಜೊತೆಗಿದ್ದವರು ನೀವೇನು ಮಾಡುತ್ತಿದ್ದಿರಿ ಎಂದೂ ಕೇಳಿದರು.

ಆಪರೇಷನ್ನಿನಲ್ಲಿ ನಾಲಿಗೆಯ ಮುಕ್ಕಾಲು ಭಾಗ ಹೋಯಿತು. ನೇರಳೆಯ ಹಿಂದೆ ಗೋಣಿಚೀಲ, ಗೋಣಿಚೀಲದ ಹಿಂದೆ ಮೆಣಸು ಹುಡುಕಿದ ನಾಲಿಗೆ. ಮೂಗಿನಿಂದ ಹೊಟ್ಟೆಗೆ ಒಂದು ನಳಿಗೆ ಇಳಿಸಿದರು. ಅವರ ಹೆಂಡತಿ ಗಂಜಿಯನ್ನು ಮಿಕ್ಸಿಯಲ್ಲಿ ತಿರುವಿ, ಸೋಸಿ, ದೊಡ್ಡ ಸಿರಿಂಜಿನಲ್ಲಿ ನಳಿಗೆಗೆ ಹಾಕುತ್ತಿದ್ದರು. ಹಾಕುವ ಮುಂಚೆ ಪ್ರತಿ ಸಲ ಒಂದು ಹನಿ ತಮ್ಮ ನಾಲಿಗೆಗೆ ಮುಟ್ಟಿಸಿ ಉಪ್ಪು ನೋಡುತ್ತಿದ್ದರು. ಅದನ್ನು ನೋಡಲಾರದೆ ನಾನು ಗ್ಯಾಲರಿಗೆ ಹೋಗಿ ನಿಲ್ಲುತ್ತಿದ್ದೆ. ದೀಪಾವಳಿಗೆ ಸೀವುಡ್ಸಿನ ರೆಸ್ಟೋರೆಂಟು ಶುರುವಾಯಿತು. ಧಣಿಗಳು ಮನೆಗೇ ಬಂದು ಕರೆದರು, ಅತ್ತರು ಕೂಡ. ಗಂಡ ಹೆಂಡತಿ ಇಬ್ಬರೂ ಹೋಗಲಿಲ್ಲ. ನಾನು ಹೋಗಿ ನೋಡಿ ಬಂದೆ. ವೈನ್ ಲಿಸ್ಟು ಇರಲಿಲ್ಲ. ಎಲ್ಲ ಟೇಬಲಿನಲ್ಲೂ ಬಿಯರು, ಮಂಚೂರಿ.

ಡಿಸೆಂಬರಿನ ಒಂದು ಭಾನುವಾರ ವಿಠ್ಠಲವಾಡಿಗೆ ಹೋದೆ. ಅಕ್ಕ, ಅಂದರೆ ಅವರ ಹೆಂಡತಿ, ಕೆಳಗೆ ಹಾಲು ತರಲು ಹೋಗಿದ್ದರು. ಕ್ಯಾಪ್ಟನ್ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮಾತು ಹೋಗಿತ್ತು, ಬೇಕಾದದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದರು. ಕೂದಲು ಎಂದಿನ ಹಾಗೆ ಒತ್ತಿ ಬಾಚಿತ್ತು. ಒಂಬತ್ತು ತಿಂಗಳಿಂದ ಎದೆಯಲ್ಲಿ ಕೊಳೆಯುತ್ತಿದ್ದದ್ದನ್ನು ಅಂದು ಹೇಳಿಬಿಟ್ಟೆ.

"ಕ್ಯಾಪ್ಟನ್ರ, ಅವತ್ತ ನನಗ ಉರಿದಿರಲಿಲ್ರಿ. ತುದಿಗೂ ಇಲ್ಲ, ಎಡಕ್ಕೂ ಇಲ್ಲ. ನಾ ಸುಳ್ಳು ಹೇಳಿದೆ. ನಾ ಖರೆ ಹೇಳಿದ್ರ ನೀವು ಅವತ್ತ ಡಾಕ್ಟರ್ ಕಡೆ ಹೋಗ್ತಿದ್ರಿ. ನಿಮ್ಮನ್ನ ನಾ ಕೊಂದೆ."

ಅವರು ನೋಟುಬುಕ್ಕು ತೊಡೆಯ ಮೇಲೆ ಇಟ್ಟುಕೊಂಡು ಬರೆದರು. ಅದೇ ಮುತ್ತಿನಂಥ ಅಕ್ಷರ.

"ಗೊತ್ತುಂಟು. ನಿಮಗೆ ಯಾವತ್ತೂ ಎಂತದೂ ಬರ್ತಿರಲಿಲ್ಲ. ಮೊದಲ ದಿನವೇ ಗೊತ್ತಾಗಿತ್ತು."

"ಮತ್ತ ನನ್ನ ಯಾಕ ಕೇಳಿದ್ರಿ?" ಎಂದೆ.

ಈ ಸಲ ಬರೆಯಲು ತಡವಾಯಿತು. ಪೆನ್ನು ಎರಡು ಸಲ ನಿಂತಿತು.

"ಮಂಜಣ್ಣನನ್ನು ಕೇಳಿದ್ರೆ ಅವ ಇಲ್ಲ ಅಂತಿದ್ದ. ನಂಗೆ ಹೆದರಿಕೆ ಆಗಿತ್ತು. ಸೀವುಡ್ಸ್ ಒಂದು ಶುರು ಆಗ್ಲಿ, ಅವಳು ಒಮ್ಮೆ ಬಂದು ಕೂರಲಿ, ಆಮೇಲೆ ನೋಡುವ ಅಂತ ಇತ್ತು. ನೀವು ಹೌದು ಅಂತೀರಿ ಅಂತ ಗೊತ್ತಿತ್ತು. ಅದಕ್ಕೇ ನಿಮ್ಮನ್ನು ಕರೆದದ್ದು."

ಓದಿ ನನಗೆ ಹಗುರವಾಗಬೇಕಿತ್ತು ಎಂದು ನೀವು ಅನ್ನಬಹುದು. ಅವರೇ ಕ್ಷಮಿಸಿದ ಹಾಗಾಯಿತಲ್ಲ ಎನ್ನಬಹುದು. ಇಲ್ಲ. ಅಲ್ಲಿಯವರೆಗೆ ನಾನೊಬ್ಬ ಸುಳ್ಳುಗಾರ ಗೆಳೆಯ ಎಂದುಕೊಂಡಿದ್ದೆ. ಗೆಳೆಯನೂ ಅಲ್ಲ, ಸಾವನ್ನು ಕಾಣದ ಹಾಗೆ ಎದುರಿಗೆ ಇಳಿಬಿಟ್ಟುಕೊಂಡ ಒಂದು ಪರದೆ ಎಂದು ಅಂದು ತಿಳಿಯಿತು. ನಾನು ಅವರ ಹಾಸಿಗೆಯ ಮೇಲೆ ಮುಖವಿಟ್ಟು ಅತ್ತೆ. ಅವರು ನನ್ನ ಬೆನ್ನು ಸವರಿದರು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಅವರು ಗಡಬಡಿಸಿ ಆ ಹಾಳೆ ಹರಿದು ನನ್ನ ಜೇಬಿಗೆ ತುರುಕಿ, ಬಾಗಿಲ ಕಡೆ ನೋಡಿ, ಬೇಡ ಎಂದು ತಲೆಯಾಡಿಸಿದರು. ಹೆಂಡತಿಗೆ ಗೊತ್ತಾಗಬಾರದು. ತನಗೆ ಮೊದಲೇ ಗುಮಾನಿ ಇತ್ತು, ಒಂದನೇ ನಂಬರ್ ಟೇಬಲಿಗಾಗಿ ಕಾದೆ ಎಂಬುದು ಆಕೆಗೆ ಗೊತ್ತಾಗಬಾರದು. ಅಕ್ಕ ಒಳಗೆ ಬಂದು ಹರಿದ ನೋಟುಬುಕ್ಕನ್ನೂ ನನ್ನ ಮುಖವನ್ನೂ ನೋಡಿದರು. "ಎಂತ ಬರೆದ್ರು ಸರ್?"

ನಾನು ಕಣ್ಣೊರೆಸಿಕೊಂಡು, "ಊಟ ಆತೇನು ಅಂತ ಕೇಳಿದ್ರು ಅಕ್ಕಾರ" ಎಂದೆ.

ಆ ಸಂಜೆಯೇ ಜ್ವರ ಏರಿತು. ಮತ್ತೆ ಆಸ್ಪತ್ರೆಗೆ ಹಾಕಿದರು. ಪೆನ್ನು ಹಿಡಿಯುವ ಶಕ್ತಿ ಮತ್ತೆ ಬರಲಿಲ್ಲ. ಐದನೆಯ ದಿನ ಹೋದರು.

ಹದಿಮೂರನೆಯ ದಿನದ ಊಟ ಕಲ್ಯಾಣದ ಒಂದು ಸಣ್ಣ ಹಾಲಿನಲ್ಲಿ. ಧಣಿಗಳು, ವೇಟರುಗಳು, ಊರಿನ ನೆಂಟರು, ನಾನು. ಅಡುಗೆ ಮಂಜಣ್ಣನದು. ಅಕ್ಕ ಎಲೆ ಎಲೆಯ ಮುಂದೆ ಬಂದು, ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು. "ಕಡೆಯದಾಗಿ ಬರೆದದ್ದು ಸರ್ ಹತ್ರ. ಊಟ ಆಯ್ತಾ ಅಂತ ಕೇಳಿದ್ದು. ತನ್ನ ಗಂಟಲಲ್ಲಿ ಒಂದು ಹನಿ ಇಳಿಯುದಿಲ್ಲ, ಆದ್ರೂ ಇನ್ನೊಬ್ಬರ ಊಟದ್ದೇ ಚಿಂತೆ. ಮೂವತ್ತು ವರ್ಷ ಬಡಿಸಿದ ಜೀವ ಅಲ್ವಾ." ಕೇಳಿದವರು ಕಣ್ಣೊರೆಸಿಕೊಂಡರು. ಮಂಜಣ್ಣ ಸೌಟು ಹಿಡಿದುಕೊಂಡೇ ಗಳಗಳ ಅತ್ತ. ನನ್ನ ಎಲೆಯ ಮುಂದೆ ಬಂದಾಗ ಅಕ್ಕ ನಿಂತು, ಪಕ್ಕದಲ್ಲಿ ಕೂತ ಊರಿನ ನೆಂಟರಿಗೆ ನನ್ನನ್ನು ತೋರಿಸಿ, "ಇವರೇ. ಹಾಗೇ ಅಲ್ವಾ ಸರ್ ಬರೆದದ್ದು?" ಎಂದು ಕೇಳಿದರು.

ನಾನು ಗೋಣು ಹಾಕಿದೆ. ಅವರು ಸಮಾಧಾನದಿಂದ ಪಾಯಸ ಬಡಿಸಿ ಮುಂದಿನ ಎಲೆಗೆ ಹೋದರು.